ನಾಲ್ಕು ಸಾವಿರದ ಆಚೆ

ರೆಬೆಲೊ ಸಾಹೇಬರ ಪದ್ಮಿನಿಯೊಳಗ ಸುತ್ತು ತೋರಿಸೋ ಮುಳ್ಳಿಲ್ಲ.
ಎಣಿಸೋದು ನನ್ನ ಕಿವಿ.
ಸಾವಿರಕ್ಕ ಗುನುಗತೈತಿ,
ಎರಡಕ್ಕ ಮಾತಾಡತೈತಿ,
ಮೂರಕ್ಕ ಹಾದಿ ಬಿಡು ಅಂತೈತಿ.
ನಾಲ್ಕು ದಾಟಿತೋ,
ಸಾಕ್ಷಿಕಟ್ಟಿ ಹತ್ತಿದ ಸುಳ್ಳನಂಗ
ಒಂದು ಶಬ್ದ ನುಂಗಿ, ಎರಡು ಶಬ್ದ ನುಂಗಿ
ತಡವರಿಸತೈತಿ.

ಅದೂ ನನ್ನ ಸಾಂಕ್ವಾಳದ ಶೆಡ್ಡಿನ್ಯಾಗ ಅಲ್ಲ.
ಇಲ್ಲಿ ಎಷ್ಟು ತುಳಿದರೂ ಚಲೋನ ಕೂಗತೈತಿ,
ಡಾಕ್ಟರ ಮುಂದ ಕೆಮ್ಮು ಮರೆಯೋ ಹುಡುಗನಂಗ.
'ವೆರ್ಣಾ ಏರಿನ ಮ್ಯಾಲ, ನದಾಫ,' ಅಂದ್ರು ಸಾಹೇಬರು.
'ಕುಠ್ಠಾಳಿ ಬಿಟ್ಟು, ಮೂರನೇ ಗೇರಿನ್ಯಾಗ,
ಅರ್ಧ ಏರಿದ ಮ್ಯಾಲ.'

ಮೊದಲ ದಿನ ಕಿಡಿಯ ಬೆನ್ನು ಹತ್ತಿದೆ.
ನಾಲ್ಕೂ ಪ್ಲಗ್ ಬಿಚ್ಚಿ ಹಳೇ ಪೇಪರಿನ ಮ್ಯಾಲ ಇಟ್ಟರ
ನಾಲ್ಕರ ಮೂತಿನೂ ಬೆಳ್ಳಗ,
ಉಪವಾಸದವರ ನಾಲಿಗಿ ಇದ್ದಂಗ.
ನೋಡಿದೆ. ಒರೆಸಿ ಇಟ್ಟೆ.
ಪಾಯಿಂಟಿನ ಸಂದಿನ್ಯಾಗ ಬ್ಲೇಡು ಅಳತಿಯಾಗೇ ಜಾರಿತು,
ಆದರೂ ಮನಸಿಗೆ ಸಮಾಧಾನ ಇಲ್ಲ:
ಸ್ಪ್ರಿಂಗ್ ಸೋತು, ಜೋರು ಸುತ್ತಿಗೆ ಕುಣಿದು,
ಮುಚ್ಚೋದನ್ನ ಮರೀತಿರಬಹುದು ಅಂತ
ಹೊಸಾವು ಹಾಕಿದೆ. ಕಂಡೆನ್ಸರೂ ಹೊಸಾದು.

ಎರಡನೇ ದಿನ ಪೆಟ್ರೋಲಿನ ಬೆನ್ನು.
ಜೆಟ್ಟುಗಳನ್ನ ತುಟಿಗಿಟ್ಟು ಊದಿದೆ.
ಪಂಪಿನ ಪೊರೆ ಬಿಸಿಲಿಗೆ ಹಿಡಿದು ತೂತು ಹುಡುಕಿದೆ.
ಪೈಪಿಗೆ ಬಾಯಿ ಹಚ್ಚಿ ಎಳೆದ ಯಮನೂರ
ಒಂದು ಗುಟುಕು ನುಂಗಿ, ಸಂಜೀತನಕ
ಬೀಡಿ ಹತ್ತಿರ ಬಂದವರಿಗೆಲ್ಲ ಬೈದ.
ಎಲ್ಲಾ ಸ್ವಚ್ಛ. ಎಲ್ಲಾ ಸರಿ.
ಸರಿ ಇರೋ ಸಾಮಾನು ಒಂದೊಂದಾಗಿ ಹೆಚ್ಚಾದಂಗ
ನನ್ನ ಮಾರಿ ಸಣ್ಣದಾಗತಾ ಹೋತು.

ಹುಬ್ಬಳ್ಳಿಯ ಉಸ್ತಾದ್ ಬುಡ್ಡೇಸಾಬ ಅಂತಿದ್ದ,
ಸ್ಪ್ಯಾನರಿನಿಂದ ತಲಿಗೊಂದು ಕುಟ್ಟಿ:
'ಕುಂತಲ್ಲೇ ನಾಡಿ ಹಿಡೀಬ್ಯಾಡಲೇ. ಓಡಸು.'

ಮೂರನೇ ದಿನ ಓಡಿಸಿದಿವಿ.
ಸ್ಟೀರಿಂಗಿಗೆ ಸಾಹೇಬರು, ಪಕ್ಕದಾಗ ನಾನು,
ಹಿಂದ ಅವರ ಹೆಂಡತಿ ಎಸ್ಪೆರಾನ್ಸ ಬಾಯಿ,
ಲೊಟಲಿಗೆ ತಂಗಿ ಮನಿಗೆ ಹೊರಟಾಕಿ,
ಒಂದು ಕೈಯಾಗ ನಿಂಬಿಹಣ್ಣು, ಒಂದರಾಗ ಕರವಸ್ತ್ರ.
ಜುವಾರಿ ಹಿಂದ ಬಿತ್ತು. ಕಣ್ಣು ಮುಚ್ಚಿದೆ.
ಮೂರು. ಮೂರೂಕಾಲು. ಮೂರೂವರಿ.
ಬೆನ್ನಿಗೆ ಕದಂಬ ಬಸ್ಸಿನ ಹಾರ್ನು.
ನಾಲ್ಕು—
ಬಂತು ನೋಡ್ರಿ ಅದು. ಕಾಲ ಕೆಳಗ ನೆಲ ಇಲ್ಲದಂಗ.

ಅಂಚಿಗೆ ನಿಲ್ಲಿಸಿ ಇಳಿದೆ.
ಬಾನೆಟ್ ಎತ್ತಬೇಕಿತ್ತು. ಕೈ ಯಾಕೋ
ಹಿಂದಿನ ಮುಚ್ಚಳಕ್ಕ ಹೋತು.
ತಿರುವಿದೆ.
ಸ್ಸ್ಸ್
ಮುಳುಗಿ ಎದ್ದವ ಎಳಕೊಳ್ಳೋ ಉಸಿರು.
ಹೊರಗ ಬಂದದ್ದಲ್ಲ, ಒಳಗ ಹೋದದ್ದು.
ಆವಾಗ ನೆನಪಾದವು ಆ ನಾಲ್ಕು ಬಿಳೀ ನಾಲಿಗಿ.
ಹಸಿವು ಅಂತ ಮೊದಲ ದಿನಾನ ಹೇಳಿದ್ದವು,
ನಾನು ಒರೆಸಿ ಇಟ್ಟಿದ್ದೆ.

ಮುಚ್ಚಳದ ಒಳಮೈ ಬಿಸಿಲಿಗೆ ಹಿಡಿದೆ.
ಗಾಳಿ ಆಡಲಿ ಅಂತ ಬಿಟ್ಟ ಕಿಂಡಿ, ಸಾಸಿವಿಯಷ್ಟು.
ಅದರ ಮ್ಯಾಲ ಕೆಂಪಗ ಹೊಳೆಯೋ ಒಂದು ಚುಕ್ಕಿ.

'ಸಾಹೇಬ್ರ, ಇದನ್ನ ಯಾರು ಮುಚ್ಚಿದ್ರು?'
ಅವರು ಹೆಂಡತಿ ಕಡೆ ನೋಡಿದ್ರು. ಆಕಿ ನಿಂಬಿಹಣ್ಣಿನ ಕಡೆ.
'ಪೆಟ್ರೋಲ್ ವಾಸನಿ,' ಅಂದಳು ಕಡೀಕ.
'ಪೂಜಿಗೆ ಹೋದರ ಬೆಂಚಿನ ಮಂದಿ ಸರಿದು ಕುಂಡ್ರತಿದ್ದರು.
ಎರಡು ಹನಿ ಉಗುರು ಬಣ್ಣ. ಅಷ್ಟ.'
ಆಮ್ಯಾಲ, ಯಾರೂ ಕೇಳದನ, ತೋಳಿನ ಪಿನ್ನು ಬಿಚ್ಚಿ
ಕಿಟಕಿಯಿಂದ ಹೊರಗ ಚಾಚಿದಳು.
ಅದೇ ಕೆಂಪು ಆಕಿಯ ಐದೂ ಬೆರಳಿನ ಮ್ಯಾಲ.

ಕೆರೆದೆ. ಅಂಗೈಗೆ ಕೆಂಪು ಪುಡಿ ಬಿತ್ತು.
ಕುಠ್ಠಾಳಿಗೆ ಇಳಿದು ಮತ್ತ ಏರಿದಿವಿ.
ನಾಲ್ಕು. ನಾಲ್ಕೂವರಿ. ಅದರ ಆಚೇನೂ.
ಬಸ್ಸು ಹಿಂದ ಉಳೀತು.
'ಮೂರು ದಿನ! ಒಂದು ಪಿನ್ನಿನ ಕೆಲಸ!' ಅಂತ ಸಾಹೇಬರು ನಕ್ಕರು.
ಹಿಂದ ಬಾಯಿ ಗ್ಲಾಸು ಇಳಿಸಿ
ಮೂಗಿಗೆ ಕರವಸ್ತ್ರ ಹಿಡಿದಿದ್ದಳು.

ಕೂಲಿ ಬಿಟ್ಟೆ. ಸಾಮಾನಿನ ರೊಕ್ಕ ತಗೊಂಡೆ.
ಹಳೇ ಪಾಯಿಂಟು ಡ್ರಾವರಿನ್ಯಾಗ ಅದಾವು, ಇನ್ನೂ ಎರಡು ವರ್ಷ ಓಡತಾವು.
ಅದನ್ನ ಯಾರಿಗೂ ಹೇಳಿಲ್ಲ.
ಯಮನೂರನಿಗೆ ಗೊತ್ತು,
ಆದರ ಅವನ ಬಾಯಾಗಿನ್ನೂ ಪೆಟ್ರೋಲಿನ ರುಚಿ.